ಬಾಣಸಿಗರಿಗೊಂದು ಸೋಮವಾರ

(ಸ್ಯಾಂಡಿಫರ್ಡ್‌ನಲ್ಲಿ ಸಂಘದ ಸಂಸ್ಥಾಪನಾ ದಿನದಂದು ಮಾಡಿದ ಭಾಷಣ)



ಸಂಘದ ಹುಟ್ಟುಹಬ್ಬದಲ್ಲಿ ವೈದ್ಯರನ್ನು ಮಾತಿಗೆ ನಿಲ್ಲಿಸಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಡಿಗೆಯ ಮಹತ್ವ, ಈ ಮೂರರಲ್ಲಿ ಒಂದು ಖಂಡಿತ ಎಂಬುದು ನಿಮಗೆಲ್ಲ ಗೊತ್ತು. ಈ ಬಾರಿ ಸಮಿತಿಯವರು ನಮಗೆ ಬೇರೆ ಕೆಲಸ ಕೊಟ್ಟಿದ್ದಾರೆ. ಮುಂದಿನ ವರ್ಷ ಸಂಘದ ವತಿಯಿಂದ ಸ್ಯಾಂಡಿಫರ್ಡ್‌ನಲ್ಲಿ ವೃತ್ತಿನಿರತ ಬಾಣಸಿಗರಿಗಾಗಿ ಒಂದು ಅಡುಗೆ ಸ್ಪರ್ಧೆ ನಡೆಸಬೇಕೆಂಬ ಸಲಹೆ ಬಂದಿದೆ. ಅಡುಗೆ ಯಾವುದೆಂದು ಆರಿಸಿದವರು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು: ಹಾಟ್ ಡಾಗ್. ರಸ್ತೆಬದಿಯದ್ದಲ್ಲ, 'ಗೂರ್ಮೆ' ಹಾಟ್ ಡಾಗ್. ಅಂದರೆ ರುಚಿ ಬಲ್ಲವರಿಗಾಗಿ ಕೈ ಪಳಗಿದವರು ಮಾಡುವಂಥದ್ದು. ಇದರ ಸಾಧಕ ಬಾಧಕಗಳನ್ನು ವಿಚಾರಿಸಿ ಸಭೆಗೆ ತಿಳಿಸಿ ಎಂದು ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ನಾಲ್ಕೈದು ಮಂದಿಗೆ ವಹಿಸಿದರು. ಎಂ.ಬಿ.ಬಿ.ಎಸ್. ಓದಿಸಿ, ರೆಸಿಡೆನ್ಸಿ ಮುಗಿಯುವವರೆಗೂ ದೇವರಿಗೆ ಹರಕೆ ಹೊತ್ತ ನಮ್ಮ ತಂದೆತಾಯಿಯರು ಕೇಳಿದ್ದರೆ ಏನೆನ್ನುತ್ತಿದ್ದರೋ! ಇರಲಿ. ನಾವು ವಿಚಾರಿಸಿದ್ದೇವೆ. ಸ್ಪರ್ಧೆ ಆಗಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಶನಿವಾರ ಬೇಡ, ಭಾನುವಾರವೂ ಬೇಡ, ಸೋಮವಾರ ನಡೆಯಲಿ. ಏಕೆಂದು ಹೇಳುವುದಕ್ಕೆ ಸ್ವಲ್ಪ ಸುತ್ತು ಹಾಕಬೇಕು.

ಮೊದಲು ಹೆಸರಿನ ಗೊಂದಲ. ಊರಿನಿಂದ ಬಂದ ಅತ್ತೆಯವರಿಗೆ ಮೊಮ್ಮಗ 'ಹಾಟ್ ಡಾಗ್' ತಿಂದ ಎಂದು ಹೇಳಿ ನೋಡಿ, ಮಡಿ ಸೀರೆ ಉಟ್ಟು ತಲೆಗೆ ನೀರು ಹಾಕಿಕೊಳ್ಳಲು ಹೊರಡುತ್ತಾರೆ. ನಾಯಿಗೂ ಇದಕ್ಕೂ ಸಂಬಂಧವಿಲ್ಲ. ಉದ್ದನೆಯ ಸಾಸೇಜು, ಅದಕ್ಕೆ ಹಾಸಿಗೆಯಂತೆ ಸೀಳಿದ ಮೆತ್ತನೆಯ ಬನ್ನು, ಮೇಲೆ ಸಾಸಿವೆಯ ಗೊಜ್ಜು, ಈರುಳ್ಳಿ ಇತ್ಯಾದಿ. ಸಾಸೇಜಿನಲ್ಲಿ ಯಾವ ಮಾಂಸವಿದೆಯೋ ಎಂಬ ಅನುಮಾನದಿಂದ ಹುಟ್ಟಿದ ಕುಚೋದ್ಯದ ಹೆಸರು ಇದು. 1890ರ ದಶಕದಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹುಡುಗರ ಬಾಯಲ್ಲಿ ಓಡಾಡುತ್ತಿತ್ತು. ವ್ಯಂಗ್ಯಚಿತ್ರಕಾರರೊಬ್ಬರು 'ಡ್ಯಾಕ್ಸ್‌ಹುಂಡ್' ಎಂಬ ಜರ್ಮನ್ ಪದದ ಕಾಗುಣಿತ ಬಾರದೆ 'ಹಾಟ್ ಡಾಗ್' ಎಂದು ಬರೆದುಬಿಟ್ಟರು ಎಂಬ ಕಥೆ ಬಹಳ ಪ್ರಸಿದ್ಧ. ಆ ಚಿತ್ರ ಮಾತ್ರ ಇವತ್ತಿನವರೆಗೆ ಯಾರ ಕೈಗೂ ಸಿಕ್ಕಿಲ್ಲ.

ನಮಗೆ ಹಿಡಿಸಿದ್ದು ಹೆಸರಲ್ಲ, ಅದರ ಹಿಂದಿನ ಜನ. ಈ ತಿನಿಸನ್ನು ಲೋಕಪ್ರಸಿದ್ಧ ಮಾಡಿದವರೆಲ್ಲ ನಮ್ಮಂತೆಯೇ ಊರು ಬಿಟ್ಟು ಬಂದವರು. ಫ್ರಾಂಕ್‌ಫರ್ಟಿನ ಸಾಸೇಜು, ವಿಯೆನ್ನಾದ ಸಾಸೇಜು ಎಂದು ಯೂರೋಪಿನ ಎರಡು ಊರುಗಳು ಇಂದಿಗೂ ಜಗಳವಾಡುತ್ತವೆ; ಹೆಸರಾದದ್ದು ಮಾತ್ರ ಅಟ್ಲಾಂಟಿಕ್ ದಾಟಿದ ಮೇಲೆ. 1893ರಲ್ಲಿ ಷಿಕಾಗೋದಲ್ಲಿ ದೊಡ್ಡ ಜಾಗತಿಕ ಮೇಳ ನಡೆಯಿತು. ಆ ಮೇಳದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲೇ ಸ್ವಾಮಿ ವಿವೇಕಾನಂದರು ಸೆಪ್ಟೆಂಬರ್ 11ರಂದು ಮಾತನಾಡಿದ್ದು. ಅದೇ ಮೇಳದಲ್ಲಿ ಆಸ್ಟ್ರಿಯಾ-ಹಂಗೆರಿಯಿಂದ ಬಂದ ಇಬ್ಬರು ಯುವಕರು ಸಾಸೇಜು ಮಾರಿ, ಆಮೇಲೆ 'ವಿಯೆನ್ನಾ ಬೀಫ್' ಎಂಬ ಕಂಪನಿ ಕಟ್ಟಿದರು. ಷಿಕಾಗೋ ಮಾದರಿಯ ಹಾಟ್ ಡಾಗ್ ಅಂದರೆ ಗಸಗಸೆ ಉದುರಿಸಿದ ಬನ್ನು, ಸಾಸಿವೆ, ಈರುಳ್ಳಿ, ಟೊಮೆಟೊ, ಉಪ್ಪಿನಕಾಯಿ ಹಾಕಿದ ಸೌತೆ, ಮೆಣಸಿನಕಾಯಿ, ಸೆಲರಿ ಬೆರೆಸಿದ ಉಪ್ಪು. ಕೆಚಪ್ ಕೇಳಿದರೆ ಅಂಗಡಿಯವನು ಮುಖ ಸಿಂಡರಿಸುತ್ತಾನೆ, ಮಸಾಲೆದೋಸೆಗೆ ಟೊಮೆಟೊ ಸಾಸ್ ಕೇಳಿದವರ ಮೇಲೆ ನಮ್ಮ ಉಡುಪಿ ಭಟ್ಟರು ಸಿಡುಕುವಂತೆ.

ಇನ್ನೊಬ್ಬರು ಪೋಲೆಂಡಿನಿಂದ ಬಂದ ನೇಥನ್ ಹ್ಯಾಂಡ್‌ವರ್ಕರ್. 1916ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಅಂಗಡಿ ಇಟ್ಟು, ಬೇರೆಯವರು 10 ಸೆಂಟಿಗೆ ಮಾರುತ್ತಿದ್ದುದನ್ನು 5 ಸೆಂಟಿಗೆ ಮಾರಿದರು. ಇಷ್ಟು ಅಗ್ಗವಾದರೆ ಏನು ಹಾಕಿದ್ದಾನೋ ಎಂದು ಗಿರಾಕಿಗಳು ಹಿಂಜರಿದರಂತೆ. ಆಗ ಅವರು ಕೆಲವರಿಗೆ ವೈದ್ಯರ ಬಿಳಿ ಕೋಟು ತೊಡಿಸಿ ಅಂಗಡಿಯ ಮುಂದೆ ನಿಂತು ತಿನ್ನಲು ಹೇಳಿದರು ಎಂದು ಒಂದು ಕಥೆಯಿದೆ. ಡಾಕ್ಟರೇ ತಿನ್ನುತ್ತಿದ್ದಾರೆ ಎಂದಮೇಲೆ ಭಯವೇನು? ಸಮಿತಿಯವರು ಈ ಕೆಲಸಕ್ಕೆ ವೈದ್ಯರನ್ನೇ ಏಕೆ ಹಿಡಿದರು ಎಂಬುದು ಈ ಕಥೆ ಓದಿದ ಮೇಲೆ ನಮಗೆ ಅರ್ಥವಾಯಿತು.

ಐರ್ಲೆಂಡಿಗೂ ಸಾಸೇಜು ಹೊಸದೇನಲ್ಲ. ಡಬ್ಲಿನ್ನಿನವರ 'ಕಾಡ್ಲ್' ಎಂಬ ಬೇಯಿಸಿದ ಅಡುಗೆಯಲ್ಲಿ ಅದು ಆಲೂಗೆಡ್ಡೆ ಈರುಳ್ಳಿಗಳ ಜೊತೆ ಈಜಾಡುತ್ತದೆ. ಬೆಳಿಗ್ಗೆ ಪೆಟ್ರೋಲ್ ಬಂಕಿನಲ್ಲಿ 'ಬ್ರೇಕ್‌ಫಸ್ಟ್ ರೋಲ್' ಕೊಳ್ಳುವವರ ಸಾಲನ್ನು ನಾವೆಲ್ಲ ನೋಡಿದ್ದೇವೆ. 2006ರಲ್ಲಿ ಹಾಸ್ಯನಟ ಪ್ಯಾಟ್ ಶಾರ್ಟ್ ಅದರ ಮೇಲೊಂದು ಹಾಡು ಕಟ್ಟಿ ದೇಶದಲ್ಲೇ ಮೊದಲ ಸ್ಥಾನಕ್ಕೆ ಏರಿಸಿದರು. ಹಾಗಾಗಿ ಹಾಟ್ ಡಾಗ್ ಎಂದರೆ ಇಲ್ಲಿನ ನೆರೆಹೊರೆಯವರೂ ಬರುತ್ತಾರೆ. 2004ರಲ್ಲಿ ಲುಆಸ್ ಟ್ರಾಮು ಸ್ಯಾಂಡಿಫರ್ಡಿಗೆ ಬಂದ ಮೇಲೆ ಡಬ್ಲಿನ್ ನಗರದ ನಡುವಿನಿಂದ ಇಲ್ಲಿಗೆ ಬರುವುದೂ ಸುಲಭ. ಕಾರಿಲ್ಲದ ಶೆಫ್ ಒಬ್ಬ ಚಾಕುಗಳ ಚೀಲ ಹೆಗಲಿಗೇರಿಸಿ ಟ್ರಾಮಿನಲ್ಲೇ ಬರಬಹುದು. ಸ್ಯಾಂಡಿಫರ್ಡ್ ಬೇಕೆನ್ನುವುದಕ್ಕೆ ನಮ್ಮ ಮುಖ್ಯ ಕಾರಣ ಅದು.

ಈಗ ಸೋಮವಾರದ ವಿಷಯ. ನಮ್ಮ ಯುಗಾದಿ, ರಾಜ್ಯೋತ್ಸವ, ಗಣೇಶನ ಹಬ್ಬ, ಮಕ್ಕಳ ದಿನಾಚರಣೆ ಎಲ್ಲವೂ ಶನಿವಾರ ಅಥವಾ ಭಾನುವಾರ. ಗಣಕಯಂತ್ರದವರಿಗೆ, ಬ್ಯಾಂಕಿನವರಿಗೆ, ಶಾಲೆಯ ಮಕ್ಕಳಿಗೆ ಅದೇ ಅನುಕೂಲ. ಹೋಟೆಲಿನ ಅಡುಗೆಮನೆಯಲ್ಲಿ ನಿಂತವರಿಗೆ ಆ ಎರಡು ದಿನ ಉಸಿರಾಡಲೂ ಪುರಸೊತ್ತಿಲ್ಲ. 2018ರಲ್ಲಿ ಐರಿಷ್ ಸರ್ಕಾರ ಶೆಫ್‌ಗಳ ಕೆಲಸದ ಪರವಾನಗಿಯ ನಿಯಮಗಳನ್ನು ಸಡಿಲಿಸಿತು. ನಮ್ಮ ಕರಾವಳಿಯಿಂದ, ಮಲೆನಾಡಿನಿಂದ, ಬೆಂಗಳೂರಿನಿಂದ ಬಂದು ಇಲ್ಲಿ ಒಲೆಯ ಮುಂದೆ ದುಡಿಯುವವರಿದ್ದಾರೆ. ಈ ಸಭಾಂಗಣದಲ್ಲಿ ಸುತ್ತ ನೋಡಿ. ವೈದ್ಯರಿದ್ದೇವೆ, ದಾದಿಯರಿದ್ದಾರೆ, ಎಂಜಿನಿಯರುಗಳಂತೂ ಎಲ್ಲ ಸಾಲಿನಲ್ಲೂ ಇದ್ದಾರೆ. ಶೆಫ್‌ಗಳು ಎಲ್ಲಿ? ಈ ಹೊತ್ತಿನಲ್ಲಿ ಅವರು ಯಾರದೋ ಭಾನುವಾರದ ಊಟಕ್ಕೆ ಈರುಳ್ಳಿ ಹೆಚ್ಚುತ್ತಿದ್ದಾರೆ. ಡಬ್ಲಿನ್ನಿನ ಎಷ್ಟೋ ಹೋಟೆಲುಗಳು ಬಾಗಿಲು ಮುಚ್ಚುವುದು ಸೋಮವಾರ. ಬಾಣಸಿಗನ ಭಾನುವಾರವೆಂದರೆ ಅದೇ.

ಸಮಿತಿಯಲ್ಲಿ ಇದನ್ನು ಹೇಳಿದಾಗ, "ಸೋಮವಾರ ಜನ ಎಲ್ಲಿ ಸೇರುತ್ತಾರೆ, ಪ್ರಾಯೋಜಕರು ಒಪ್ಪುತ್ತಾರೆಯೇ?" ಎಂಬ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆಯೇ. ಪ್ರೇಕ್ಷಕರು ಕಡಿಮೆಯಾಗುತ್ತಾರೆ, ಅದು ನಿಜ. ಆದರೆ ಬಾಣಸಿಗರ ಸ್ಪರ್ಧೆಯನ್ನು ಬಾಣಸಿಗರು ಬರಲಾಗದ ದಿನ ಇಟ್ಟು, ಮನೆಯಲ್ಲಿ ಚೆನ್ನಾಗಿ ಅಡುಗೆ ಮಾಡುವ ನಮ್ಮನಮ್ಮವರೇ ಸೇರಿ ಬಹುಮಾನ ಹಂಚಿಕೊಳ್ಳುವುದಾದರೆ ಅದಕ್ಕೆ ಬೇರೆ ಹೆಸರಿಡೋಣ. ರಾತ್ರಿ ಪಾಳಿ ಮುಗಿಸಿ ಹಬ್ಬದ ದಿನ ಮಲಗಿದ ಅನುಭವ ನಮಗೆ, ದಾದಿಯರಿಗೆ ಇದೆ. ಆಸ್ಪತ್ರೆಯವರು ಒಂದು ಸೋಮವಾರ ರಜೆ ಹೊಂದಿಸಿಕೊಳ್ಳಬಹುದು. ಉಳಿದವರು ಸಂಜೆ ನಾಲ್ಕರ ಮೇಲೆ ಬರಬಹುದು.

ಇಲ್ಲಿ ಒಂದು ಮಾತು ಸೇರಿಸಬೇಕು. ನಮ್ಮ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದದ್ದು 1953ರಲ್ಲಿ. ಅದೇ ಊರಿನಲ್ಲಿ ವೆಲ್‌ಕಮ್‌ಗ್ರೂಪ್ ಹೋಟೆಲ್ ಆಡಳಿತ ಶಾಲೆ ಹುಟ್ಟಿದ್ದು 1986ರಲ್ಲಿ. ಒಂದೇ ಗುಡ್ಡದ ಮೇಲೆ ಒಬ್ಬರು ಹೊಟ್ಟೆನೋವು ವಾಸಿ ಮಾಡಲು ಕಲಿಯುತ್ತಾರೆ, ಇನ್ನೊಬ್ಬರು ಹೊಟ್ಟೆ ತುಂಬಿಸಲು. ಎರಡೂ ವರ್ಷಾನುಗಟ್ಟಲೆ ನಿಂತು ಕಲಿಯುವ ವಿದ್ಯೆ. ಊರಿನ ಮದುವೆ ಮಾತುಕತೆಯಲ್ಲಿ ಇವೆರಡಕ್ಕೆ ಸಿಗುವ ಬೆಲೆಯ ವ್ಯತ್ಯಾಸ ನಿಮಗೆ ಗೊತ್ತೇ ಇದೆ, ನಾವು ವಿವರಿಸಬೇಕಿಲ್ಲ.

ಸ್ಪರ್ಧೆ ಎಂದಮೇಲೆ ತೀರ್ಪು. ಇದರಲ್ಲಿ ನಾವು ಹೊಸದೇನನ್ನೂ ಕಂಡುಹಿಡಿಯಬೇಕಾಗಿಲ್ಲ. ಶೆಫ್‌ಗಳ ಸಂಘಗಳ ಜಾಗತಿಕ ಒಕ್ಕೂಟವೊಂದು 1928ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿತು. ಪಾಕಶಾಸ್ತ್ರದ ಭೀಷ್ಮರೆನಿಸಿದ ಆಗಸ್ಟ್ ಎಸ್ಕಾಫಿಯೆ ಅದರ ಮೊದಲ ಗೌರವಾಧ್ಯಕ್ಷರು. ಇಂದು 'ವರ್ಲ್ಡ್‌ಶೆಫ್ಸ್' ಎಂದು ಕರೆಯುವ ಆ ಒಕ್ಕೂಟದ ನಿಯಮದಲ್ಲಿ ನೂರು ಅಂಕಗಳ ಪೈಕಿ ರುಚಿಗೇ ಐವತ್ತು. ಉಳಿದದ್ದು ಪೂರ್ವಸಿದ್ಧತೆ, ಶುಚಿತ್ವ, ಸರಿಯಾದ ವಿಧಾನ, ಬಡಿಸುವ ಅಂದ ಇವುಗಳಿಗೆ. ನಮ್ಮನ್ನು ಸೆಳೆದದ್ದು ಪದಕ ಕೊಡುವ ರೀತಿ. ಒಬ್ಬನೇ ಗೆದ್ದು ಉಳಿದವರು ಸೋಲುವುದಿಲ್ಲ. 90ರ ಮೇಲೆ ಅಂಕ ಬಂದವರಿಗೆಲ್ಲ ಚಿನ್ನ, 80 ದಾಟಿದರೆ ಬೆಳ್ಳಿ, 70 ದಾಟಿದರೆ ಕಂಚು. ಯಾರೂ 90 ಮುಟ್ಟದಿದ್ದರೆ ಆ ವರ್ಷ ಚಿನ್ನವೇ ಇಲ್ಲ. ನಮ್ಮ ಎಂ.ಬಿ.ಬಿ.ಎಸ್. ಪರೀಕ್ಷೆಯೂ ಹೀಗೆಯೇ ಅಲ್ಲವೇ, ಪಕ್ಕದವನು ಪಾಸಾದ ಎಂದು ನಾವು ಫೇಲಾಗುವುದಿಲ್ಲ. ಈ ಪದಕ ಶೆಫ್‌ಗೆ ಗೋಡೆಯ ಅಲಂಕಾರವಲ್ಲ. ಮುಂದಿನ ಕೆಲಸದ ಅರ್ಜಿಯಲ್ಲಿ ಬರೆಯುವ ಸಾಲು. ಆದ್ದರಿಂದ ತೀರ್ಪಿನ ಮೇಲೆ ಯಾರೂ ಬೆರಳು ತೋರುವಂತಿರಬಾರದು.

ಡಬ್ಲಿನ್ನಿನ ಆರ್.ಡಿ.ಎಸ್. ಸಭಾಂಗಣದ ಕೇಟೆಕ್ಸ್ ಪ್ರದರ್ಶನದಲ್ಲಿ ಐರ್ಲೆಂಡಿನ ಶೆಫ್‌ಗಳ ಸಂಘ ಸ್ಪರ್ಧೆಗಳನ್ನು ನಡೆಸುತ್ತ ಬಂದಿದೆ; ತೀರ್ಪು ಕೊಟ್ಟು ಪಳಗಿದವರು ಅಲ್ಲಿದ್ದಾರೆ, ಕೇಳಿ ಕರೆಸೋಣ. 2008ರಲ್ಲಿ ಡಿಂಗಲ್ ಊರಿನಲ್ಲಿ ಆರಂಭವಾದ 'ಬ್ಲಾಸ್ ನ ಹೇರನ್' ಪ್ರಶಸ್ತಿಗಳಲ್ಲಿ ತಯಾರಿಸಿದವರ ಹೆಸರು ತಿಳಿಯದಂತೆ ರುಚಿ ನೋಡುತ್ತಾರೆ. ನಾವೂ ತಟ್ಟೆಗೆ ಸಂಖ್ಯೆ ಮಾತ್ರ ಹಚ್ಚೋಣ. ಒಲೆಯ ಬಳಿ ನಿಂತು ಶುಚಿತ್ವ, ವಿಧಾನ ನೋಡುವವರು ಬೇರೆ, ಒಳಕೋಣೆಯಲ್ಲಿ ಕುಳಿತು ತಿಂದು ಅಂಕ ಕೊಡುವವರು ಬೇರೆ. ಸಂಘದ ಪದಾಧಿಕಾರಿಗಳು, ಪ್ರಾಯೋಜಕರು, ಅವರ ಬಂಧುಗಳು ಎರಡು ಕಡೆಯೂ ಬೇಡ. ಅಧ್ಯಕ್ಷರು ನಗುತ್ತಿದ್ದಾರೆ, ಆದರೆ ಅವರಿಗೂ ತಟ್ಟೆ ಸಿಗುವುದು ಅಂಕ ಬರೆದಾದ ಮೇಲೆಯೇ.

ಹಾಟ್ ಡಾಗ್‌ನಲ್ಲಿ ಪರೀಕ್ಷಿಸುವಂಥದ್ದು ಏನಿದೆ ಎಂದು ಕೇಳಿದವರಿದ್ದಾರೆ. ಸಾಸೇಜು ನಮ್ಮ ಹಳೆಯ ಜೀವರಸಾಯನ ಪಾಠದ ಮುಂದುವರಿಕೆ. ಅರೆದ ಮಾಂಸಕ್ಕೆ ಉಪ್ಪು ಬಿದ್ದಾಗ ಸ್ನಾಯುವಿನ ಮಯೋಸಿನ್ ಎಂಬ ಪ್ರೋಟೀನು ಕರಗಿ ಅಂಟಾಗುತ್ತದೆ. ಆ ಅಂಟು ಕೊಬ್ಬಿನ ಕಣಗಳನ್ನು ಹಿಡಿದಿಡುತ್ತದೆ. ಅರೆಯುವಾಗ ಬಿಸಿಯೇರಿದರೆ ಕೊಬ್ಬು ಕರಗಿ ಬೇರ್ಪಡುತ್ತದೆ, ಬೇಯಿಸಿದ ಮೇಲೆ ಸಾಸೇಜು ಮರಳು ಮರಳಾಗುತ್ತದೆ. ಅದಕ್ಕೇ ಮಂಜುಗಡ್ಡೆ ಹಾಕುತ್ತ, ಸುಮಾರು 12 ಡಿಗ್ರಿ ದಾಟದಂತೆ ನೋಡಿಕೊಂಡು ಅರೆಯುತ್ತಾರೆ. ಕಚ್ಚಿದಾಗ ಚಟ್ಟೆಂದು ಸದ್ದು ಬರಬೇಕು. ಬನ್ನು ರಸ ಹೀರಬೇಕು, ಕುಸಿಯಬಾರದು. ಮೇಲಿನ ಗೊಜ್ಜು ಹುಳಿಯಿಂದ ಕೊಬ್ಬನ್ನು ಕತ್ತರಿಸಬೇಕು. ಮೂರೇ ಅಂಗ, ಅಡಗಿಕೊಳ್ಳಲು ಜಾಗವಿಲ್ಲ. ಇಡ್ಲಿಯಂತೆ, ಸುಲಭವೆಂದು ಕಾಣುವುದರಲ್ಲೇ ಕೈಚಳಕ ಗೊತ್ತಾಗುವುದು. ಸ್ಪರ್ಧೆಯ ಹೊತ್ತಿನಲ್ಲಿ ಸಾಸೇಜು ತುಂಬಿ ವಿಶ್ರಾಂತಿಗಿಡುವಷ್ಟು ಸಮಯವಿರುವುದಿಲ್ಲ. ಹಾಗಾಗಿ ಶೆಫ್‌ಗಳು ತಾವೇ ಮಾಡಿದ ಸಾಸೇಜು, ಬನ್ನಿನ ಹಿಟ್ಟು ತರಬಹುದು. ಬೇಯಿಸುವುದು, ಗೊಜ್ಜು ಮಾಡುವುದು, ಜೋಡಿಸುವುದು ನಮ್ಮ ಕಣ್ಣೆದುರು ಆಗಬೇಕು. ಅಂಗಡಿಯ ಸಾಸೇಜಿಗೆ ಅಲಂಕಾರ ಮಾಡುವ ಸ್ಪರ್ಧೆ ಇದಾಗಬಾರದು.

"ನಮ್ಮಲ್ಲಿ ಅರ್ಧ ಜನ ಸಸ್ಯಾಹಾರಿಗಳು, ಸಂಘದ ಹಣದಲ್ಲಿ ಮಾಂಸದ ಸ್ಪರ್ಧೆಯೇ?" ಎಂದು ಹಿರಿಯರೊಬ್ಬರು ಕೇಳಿದರು. ಆ ಮಾತಿನ ಭಾರ ನಮಗೆ ಗೊತ್ತು, ತಳ್ಳಿಹಾಕುವಂಥದ್ದಲ್ಲ. ಕೊಡಗಿನ ಪಂದಿ ಕರಿಯೂ, ಅದಕ್ಕೆ ಹುಳಿ ಕೊಡುವ ಕಾಚಂಪುಳಿಯೂ, ಕುಂದಾಪುರದ ಘೀ ರೋಸ್ಟೂ, ಮಂಗಳೂರಿನ ಕ್ರೈಸ್ತರ ಹಂದಿಮಾಂಸದ ಅಡುಗೆಯೂ ಕರ್ನಾಟಕದ್ದೇ. ಹಾಗೆಯೇ ಗೋಮಾಂಸ, ಹಂದಿಮಾಂಸ ಮುಟ್ಟದವರೂ ನಮ್ಮವರೇ. ನಮ್ಮ ಸಲಹೆ ಎರಡು ವಿಭಾಗ: ಮಾಂಸದ್ದು, ಶುದ್ಧ ಸಸ್ಯಾಹಾರದ್ದು. ಬೇರೆ ಕೋಣೆ, ಬೇರೆ ಒಲೆ, ಬೇರೆ ಪಾತ್ರೆ, ಬೇರೆ ತೀರ್ಪುಗಾರರು. ಬಹುಮಾನ ಮಾತ್ರ ಸಮ. ಸಸ್ಯಾಹಾರದ ವಿಭಾಗ ಕಿರಿಯ ತಮ್ಮನಲ್ಲ. ಮೈಸೂರಿನ ಕಡೆಯ ನುಚ್ಚಿನುಂಡೆಯನ್ನು ನೆನೆಸಿಕೊಳ್ಳಿ: ತೊಗರಿಬೇಳೆ, ಸಬ್ಬಸಿಗೆ ಸೊಪ್ಪು, ಹಸಿಮೆಣಸು, ಉದ್ದುದ್ದ ಹಿಡಿದು ಹಬೆಯಲ್ಲಿ ಬೇಯಿಸಿದ್ದು. ಕರಾವಳಿಯ ಪತ್ರೊಡೆ ಸುರುಳಿಯನ್ನು ಬೇಯಿಸಿ ಹೆಂಚಿನ ಮೇಲೆ ಕೆಂಪಗೆ ಮಾಡಿದ್ದು. ಇವು ಬನ್ನಿನೊಳಗೆ ಹೇಗೆ ನಿಲ್ಲುತ್ತವೆ, ಒಣಗುತ್ತವೆಯೇ, ಪುಡಿಯಾಗುತ್ತವೆಯೇ, ಬ್ಯಾಡಗಿ ಮೆಣಸಿನ ಗೊಜ್ಜು ಹಾಕಿದರೆ ಸರಿಹೋಗುತ್ತದೆಯೇ? ಇದಕ್ಕೆ ಉತ್ತರ ಹೇಳಬೇಕಾದವರು ವೃತ್ತಿಪರರು. ಮಾಂಸದ ಸಾಸೇಜು ಮಾಡಿದವರು ಲೋಕದಲ್ಲಿ ಲಕ್ಷ ಮಂದಿ; ಇದನ್ನು ಸರಿಯಾಗಿ ಮಾಡಿದವನಿಗೆ ನಿಜಕ್ಕೂ ಹೆಸರು ಬರುತ್ತದೆ.

ಇನ್ನು ನಮ್ಮ ವೃತ್ತಿಯ ಮಾತು, ಬೇಗ ಮುಗಿಸುತ್ತೇವೆ. ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರ 1999ರಿಂದ ಕೆಲಸ ಮಾಡುತ್ತಿದೆ. ತಣ್ಣಗಿನದ್ದು 5 ಡಿಗ್ರಿಯೊಳಗೆ, ಬಿಸಿಯದ್ದು 63ರ ಮೇಲೆ, ಬೇಯುವಾಗ ಒಳಗಿನ ತಿರುಳು 75 ಡಿಗ್ರಿ ಮುಟ್ಟಬೇಕು. ಟ್ರಾಮಿನಲ್ಲಿ ಸಾಸೇಜು ತರುವವರಿಗೆ ತಂಪುಪೆಟ್ಟಿಗೆಯನ್ನು ಸಂಘವೇ ಕೊಡಬೇಕು. ಬಂದ ಕೂಡಲೇ ತಾಪಮಾನ ಅಳೆದು ಬರೆದುಕೊಳ್ಳಬೇಕು. ಪರಿಸರ ಆರೋಗ್ಯ ಅಧಿಕಾರಿಗಳೊಂದಿಗೆ ಮೊದಲೇ ಮಾತನಾಡಿ ಒಪ್ಪಿಗೆ ಪಡೆಯಬೇಕು. ಅಲರ್ಜಿ ತರುವ 14 ಪದಾರ್ಥಗಳನ್ನು ಬರಹದಲ್ಲೇ ತಿಳಿಸಬೇಕೆಂದು 2014ರಿಂದ ಇಲ್ಲಿ ಕಾನೂನು. ಗೋಧಿ, ಹಾಲು, ಮೊಟ್ಟೆ, ಎಳ್ಳು, ಸೆಲರಿ, ಸಾಸಿವೆ ಎಲ್ಲ ಅದರಲ್ಲಿವೆ. ಹೌದು, ಸಾಸಿವೆ! ನಮ್ಮ ಒಗ್ಗರಣೆಯೂ ಪಟ್ಟಿಯಲ್ಲಿ ಬರುತ್ತದೆ. ಇದೆಲ್ಲ ಬಿಳಿಯರ ಅತಿ ಮಡಿ ಎನ್ನುವವರಿಗೆ ಒಂದು ನೆನಪು: ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಇಲ್ಲಿನ ಹೋಟೆಲುಗಳನ್ನು ನೋಡಿ, ಹಿಂತಿರುಗಿ ತಮ್ಮಲ್ಲಿ ಪಾತ್ರೆಗಳನ್ನು ಕ್ರಿಮಿಶುದ್ಧಿ ಮಾಡುವ ಕ್ರಮ ತಂದರು. ಮಡಿ ನಮಗೆ ಹೊಸದಲ್ಲ.

ಚಿಕ್ಕ ಮಕ್ಕಳ ತಾಯಂದಿರು ಇದೊಂದನ್ನು ದಯವಿಟ್ಟು ಕೇಳಿಸಿಕೊಳ್ಳಿ. ಸಾಸೇಜಿನ ದುಂಡು ತುಂಡು ಮಗುವಿನ ಗಂಟಲಿಗೆ ಬಿರಡೆಯಂತೆ ಕೂರುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2010ರಲ್ಲಿ ಹಾಟ್ ಡಾಗ್‌ನ ಆಕಾರವನ್ನೇ ಬದಲಿಸಬೇಕೆಂದು ಕೇಳಿತ್ತು. ನಾಲ್ಕು ವರ್ಷದೊಳಗಿನವರಿಗೆ ಅಡ್ಡ ಬಿಲ್ಲೆಗಳಾಗಿ ಕತ್ತರಿಸಿ ಕೊಡಲೇಬೇಡಿ. ಉದ್ದಕ್ಕೆ ನಾಲ್ಕು ಸೀಳು ಮಾಡಿ, ಆಮೇಲೆ ಸಣ್ಣದಾಗಿ ಹೆಚ್ಚಿ. ನುಚ್ಚಿನುಂಡೆಯಾದರೆ ಪುಡಿ ಮಾಡಿ ಕೊಡಿ. ಸಿಕ್ಕಿಕೊಂಡು ಮಗು ಕೆಮ್ಮಲೂ ಆಗದಿದ್ದರೆ ಮುಂದಕ್ಕೆ ಬಾಗಿಸಿ ಭುಜದ ಮೂಳೆಗಳ ನಡುವೆ ಐದು ಸಲ ಬಲವಾಗಿ ತಟ್ಟಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲೆ ಐದು ಸಲ ಒಳಕ್ಕೂ ಮೇಲಕ್ಕೂ ಒತ್ತಿ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು, ಎದೆಯ ಮೂಳೆಯ ಮೇಲೆ ಒತ್ತಬೇಕು. ಇನ್ನೊಬ್ಬರು 112ಕ್ಕೆ ಫೋನು ಮಾಡಲಿ. ಸ್ಪರ್ಧೆಯ ದಿನ ನಮ್ಮಲ್ಲಿಬ್ಬರು ತಿನ್ನುವ ಕಡೆಯೇ ನಿಂತಿರುತ್ತೇವೆ.

ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ 2015ರಲ್ಲಿ ಹೇಳಿದ್ದನ್ನೂ ಮುಚ್ಚಿಡುವುದಿಲ್ಲ. ದಿನವೂ 50 ಗ್ರಾಂ, ಅಂದರೆ ಸುಮಾರು ಒಂದು ಸಾಸೇಜು, ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಾಧ್ಯತೆ ತಿನ್ನದವರಿಗಿಂತ ಶೇಕಡಾ 18ರಷ್ಟು ಹೆಚ್ಚು ಎಂಬುದು ಅವರ ಲೆಕ್ಕ. ದಿನವೂ ಎಂಬ ಮಾತನ್ನು ಗಮನಿಸಿ. ವರ್ಷಕ್ಕೊಂದು ಸೋಮವಾರ ತಿನ್ನುವುದಕ್ಕೆ ನಮ್ಮ ಅಭ್ಯಂತರವಿಲ್ಲ; ಶಾಲೆಯ ಡಬ್ಬಿಯಲ್ಲಿ ವಾರಕ್ಕೈದು ದಿನ ಹೋಗುವುದಕ್ಕೆ ಇದೆ.

ಕೊನೆಗೆ ಹಣ. ಸ್ಪರ್ಧೆಗೆ ಬಂದ ಶೆಫ್‌ಗಳಿಂದಲೇ ಮುನ್ನೂರು ಜನರ ಊಟ ಮಾಡಿಸಿಕೊಳ್ಳಬಹುದಲ್ಲ, ಖರ್ಚು ಉಳಿಯುತ್ತದೆ ಎಂಬ ಮಾತು ನಮ್ಮ ಕಿವಿಗೆ ಬಿದ್ದಿದೆ. ಅದು ಬೇಡ. ಕೆಲಸದ ಪರವಾನಗಿಯಲ್ಲಿ ಬಂದವರು ಅದರಲ್ಲಿ ಬರೆದ ಮಾಲೀಕರಲ್ಲಿ ಮಾತ್ರ ದುಡಿಯಬಹುದು. ಸ್ಪರ್ಧೆಯ ಹೆಸರಿನಲ್ಲಿ ನಾವು ಅಡುಗೆ ಗುತ್ತಿಗೆ ಮಾಡಿಸಿದರೆ ತೊಂದರೆ ಅವರಿಗೆ. ಪ್ರತಿಯೊಬ್ಬರೂ ತೀರ್ಪುಗಾರರಿಗೆ ಬೇಕಾದಷ್ಟು ತಟ್ಟೆ ಮಾಡಲಿ, ಜೊತೆಗೆ ರುಚಿ ನೋಡಲು ಒಂದಿಷ್ಟು. ಸಾಮಾನಿನ ಖರ್ಚು, ಬಂದುಹೋಗುವ ಖರ್ಚು ಸಂಘದ್ದು. ಪ್ರವೇಶ ಶುಲ್ಕ ಬೇಡ. ಅವರ ಹೆಂಡತಿ ಅಥವಾ ಗಂಡ, ಮಕ್ಕಳು ಇಲ್ಲಿದ್ದರೆ ಮುಂದಿನ ಸಾಲಿನಲ್ಲಿ ಕೂರಲಿ. ಸೇರಿದವರ ಊಟಕ್ಕೆ ಎಂದಿನಂತೆ ನಮ್ಮ ತಾಯಂದಿರ ಚಿತ್ರಾನ್ನ, ಮೊಸರನ್ನ ಸಾಕು. ಆ ದಿನ ಒಲೆಯ ಮುಂದಿನಿಂದ ಬಂದವರಿಗೆ ಬೇರೆಯವರು ಬಡಿಸುವುದೂ ಆಗುತ್ತದೆ.

ಬಾಗಿಲ ಬಳಿಯ ಮೇಜಿನ ಮೇಲೆ ಎರಡು ಪಟ್ಟಿಗಳನ್ನು ಇಟ್ಟಿದ್ದೇವೆ. ಒಂದರಲ್ಲಿ, ಸೋಮವಾರ ರಜೆ ಹಾಕಿ ಕೆಲಸಕ್ಕೆ ನಿಲ್ಲುವವರು ಹೆಸರು ಬರೆಯಿರಿ. ಇನ್ನೊಂದು ಖಾಲಿ ಪಟ್ಟಿ. ನಿಮ್ಮ ಬಡಾವಣೆಯಲ್ಲಿ, ನೀವು ಊಟಕ್ಕೆ ಹೋಗುವ ಹೋಟೆಲಿನ ಒಳಮನೆಯಲ್ಲಿ ಕನ್ನಡ ಬಲ್ಲ ಶೆಫ್ ಇದ್ದಾರೆಯೇ ಎಂದು ಈ ವಾರ ಒಮ್ಮೆ ವಿಚಾರಿಸಿ, ಅವರ ಒಪ್ಪಿಗೆ ಕೇಳಿ, ಅದರಲ್ಲಿ ಬರೆಯಿರಿ. ಹೋಗುವಾಗ ಹೊತ್ತು ನೋಡಿಕೊಂಡು ಹೋಗಿ; ಮಧ್ಯಾಹ್ನ ಮೂರರಿಂದ ನಾಲ್ಕೂವರೆಯೊಳಗೆ ಅವರಿಗೆ ಒಂದು ಲೋಟ ಕಾಫಿ ಕುಡಿಯುವಷ್ಟು ಬಿಡುವಿರುತ್ತದೆ.